ನನ್ನ ಕಾರ್ಡ್ ಎಲ್ಲೈತ್ರೀ ಅಕ್ಕೋರ?

ಕುಷ್ಟಗಿ ತಾಲ್ಲೂಕಿನ ಆ ಊರಿನ ಕಿರಿಯ ಪ್ರಾಥಮಿಕ ಶಾಲೆಗೆ ಎರಡು ಕೋಣೆ, ಒಂದು ಪಡಸಾಲೆ, ಅಂಗಳದಲ್ಲಿ ಒಂದು ಬೇವಿನ ಮರ. ನಾಲ್ಕು ಮತ್ತು ಐದನೆಯ ತರಗತಿ ನಮ್ಮ ಹೆಡ್‌ಮಾಸ್ತರರ ಪಾಲಿಗೆ. ಒಂದು, ಎರಡು, ಮೂರು ನನ್ನ ಪಾಲಿಗೆ. ಮೂರೂ ತರಗತಿ ಸೇರಿದರೆ ಇಪ್ಪತ್ತು ಚಿಲ್ಲರೆ ಮಕ್ಕಳು. ಅರ್ಧ ಮಕ್ಕಳು ಊರಿನವರು, ಉಳಿದವರು ಪಕ್ಕದ ತಾಂಡಾದಿಂದ ಹೊಲದ ಬದುವು ಹಿಡಿದು ನಡೆದು ಬರುವವರು. ಅಷ್ಟು ಸಣ್ಣ ಶಾಲೆ. ನನ್ನ ನೌಕರಿಯ ಒಳ್ಳೆಯ ವರ್ಷಗಳೆಲ್ಲ ಅಲ್ಲಿಯೇ ಕಳೆದವು.

2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗೆ ನಲಿ-ಕಲಿ ಬಂತು, ಮರುವರ್ಷ ಮೂರನೆಯದಕ್ಕೂ ಬಂತು. ಅದಕ್ಕೂ ಮೊದಲು ಮೂರು ತರಗತಿಯನ್ನು ಒಬ್ಬರೇ ನಡೆಸುವುದೆಂದರೆ ಒಂದಕ್ಕೆ ಪಾಠ ಹೇಳುವಾಗ ಇನ್ನೆರಡಕ್ಕೆ ಕಾಪಿ ಬರೆಯಲು ಹಚ್ಚುವುದು. ಮಕ್ಕಳು ಬರೆದದ್ದನ್ನೇ ಬರೆದು ಬೇಸತ್ತು ಕಿಟಕಿಯ ಕಡೆ ನೋಡುತ್ತ ಕೂಡುತ್ತಿದ್ದರು. ನಲಿ-ಕಲಿ ಆ ಕೋಣೆಯ ಲಯವನ್ನೇ ಬದಲಿಸಿತು. ಅದರ ಹುಟ್ಟಿನ ಕತೆಯನ್ನು ತರಬೇತಿಯಲ್ಲಿ ಕೇಳಿದಾಗಲೇ ನನಗೆ ಅದರ ಮೇಲೆ ಪ್ರೀತಿ ಹುಟ್ಟಿತ್ತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಒಂದಷ್ಟು ಸರ್ಕಾರಿ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋದರು. ಅಲ್ಲಿನ ಹಳ್ಳಿ ಶಾಲೆಗಳಲ್ಲಿ ಬೇರೆಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕೂತು ಕಾರ್ಡುಗಳಿಂದ ಕಲಿಯುವುದನ್ನು ಕಂಡು ಬಂದರು. ಯುನಿಸೆಫ್ ನೆರವು ಸಿಕ್ಕಿತು. ಊರಿಗೆ ಮರಳಿದ ಮೇಲೆ ಹಾಡು, ಒಗಟು, ಕತೆ ಕೂಡಿಸಿ ಕಾರ್ಡು ಬರೆದವರು ಆ ಶಿಕ್ಷಕರೇ. ದಿನವೂ ಮಕ್ಕಳ ನಡುವೆ ಇರುವವರ ಕೈಯಿಂದ ಬಂದದ್ದೆಂಬ ಕಾರಣಕ್ಕೇ ಅದು ನಮ್ಮಂಥ ಕೋಣೆಗೂ ಹೊಂದಿಕೊಂಡಿತು ಎಂದು ನಾನು ಈಗಲೂ ನಂಬಿದ್ದೇನೆ.

ಕೋಣೆಯ ಗೋಡೆಯ ಕೆಳಭಾಗಕ್ಕೆ ಸುತ್ತಲೂ ಕಪ್ಪು ಬಣ್ಣ ಬಳಿಸಿದೆವು. ಮಕ್ಕಳು ಕೂತಲ್ಲಿಂದಲೇ ಕೈಗೆ ಎಟಕುವ ಕಪ್ಪುಹಲಗೆ ಅದು. ಒಬ್ಬೊಬ್ಬರಿಗೂ ಒಂದೊಂದು ಚೌಕ. ಮೇಲೆ ಈ ಗೋಡೆಯಿಂದ ಆ ಗೋಡೆಗೆ ದಾರ ಕಟ್ಟಿ ಚಪ್ಪರ ಮಾಡಿದೆವು. ಮಕ್ಕಳು ಬರೆದ ಚಿತ್ರ, ಮಡಚಿದ ಕಾಗದದ ದೋಣಿ, ಅಂಟಿಸಿದ ಎಲೆ ಎಲ್ಲ ಅಲ್ಲಿ ತೂಗುತ್ತಿದ್ದವು. ಗೋಡೆಗೆ ಕಲಿಕಾ ಏಣಿ. ಏಣಿಯ ಮೆಟ್ಟಿಲಿಗೆ ಮೈಲಿಗಲ್ಲು ಎಂದು ಹೆಸರು, ಪ್ರತಿ ಮೈಲಿಗಲ್ಲಿನ ಒಳಗೆ ಚಟುವಟಿಕೆಗಳು, ಪ್ರತಿ ಚಟುವಟಿಕೆಗೂ ಒಂದು ಲಾಂಛನ. ಓದಲು ಬಾರದ ಮಗುವೂ ಏಣಿಯ ಮುಂದೆ ನಿಂತು, ತನ್ನ ಲಾಂಛನ ಗುರುತಿಸಿ, ಅದೇ ಲಾಂಛನವಿರುವ ಕಾರ್ಡನ್ನು ಟ್ರೇಯಿಂದ ತಾನೇ ತಂದುಕೊಳ್ಳುತ್ತಿತ್ತು. ಕೂಡುವುದಕ್ಕೆ ಐದು ತಟ್ಟೆ: ಶಿಕ್ಷಕರ ಸಂಪೂರ್ಣ ಸಹಾಯದ್ದು, ಭಾಗಶಃ ಸಹಾಯದ್ದು, ಸಹಪಾಠಿಗಳ ಸಂಪೂರ್ಣ ಸಹಾಯದ್ದು, ಭಾಗಶಃ ಸಹಾಯದ್ದು, ಕೊನೆಗೆ ಸ್ವಕಲಿಕೆ. ಒಂದೇ ಅಕ್ಷರ ಕಲಿಯುವ ಮಗು ಮೊದಲು ನನ್ನ ಪಕ್ಕ ಕೂತು, ಆಮೇಲೆ ಗೆಳತಿಯ ಪಕ್ಕ ಕೂತು, ಕೊನೆಗೆ ಒಬ್ಬಳೇ ಕೂತು ಮಾಡುವ ಹೊತ್ತಿಗೆ ಆ ಅಕ್ಷರ ಅವಳದಾಗಿರುತ್ತಿತ್ತು. ಮೂರನೆಯ ತರಗತಿಯ ಹುಡುಗಿ ಒಂದನೆಯ ತರಗತಿಯ ತಮ್ಮನ ಕೈ ಹಿಡಿದು ತಿದ್ದಿಸುವುದನ್ನು ನೋಡುತ್ತ ಎಷ್ಟೋ ಸಲ ನಾನು ಸುಮ್ಮನೆ ಕೂತಿದ್ದುಂಟು. ಅವಳು ಹೇಳಿಕೊಟ್ಟಷ್ಟು ಚೆನ್ನಾಗಿ ನನಗೆ ಹೇಳಿಕೊಡಲು ಆಗುತ್ತಿರಲಿಲ್ಲ.

ಅಕ್ಷರಗಳು ಅ ಆ ಇ ಈ ಎಂದು ಸಾಲಾಗಿ ಬರುತ್ತಿರಲಿಲ್ಲ. ಬರೆಯಲು ಹಗುರ, ಕೂಡಿಸಿದರೆ ಪದವಾಗುವಂಥವು ಮೊದಲು. ರ ಗ ಸ ದ ಅ ಮೊದಲ ಗುಂಪು. ಜ ವ ಮ ಬ ನ ಅದರ ಬೆನ್ನಿಗೆ. ಐದೇ ಅಕ್ಷರ ಬಂದರೆ ಅರಸ, ಸರ, ಅಗಸ, ಗರಗಸ ಎಲ್ಲ ಓದಬಹುದು. ನಮ್ಮ ಊರಿನ ಮಕ್ಕಳಿಗೆ ಇದರಲ್ಲಿ ಇನ್ನೊಂದು ಲಾಭವಿತ್ತು. ಶಾಲೆಯ ಮುಂದಿನ ರಸ್ತೆಯಲ್ಲಿ ಕುಷ್ಟಗಿಯಿಂದ ಗಜೇಂದ್ರಗಡದ ಮೇಲೆ ಗದಗಿಗೆ ಹೋಗುವ ಬಸ್ಸು ಹಾಯುತ್ತಿತ್ತು. ಒಂದು ದಿನ ಪ್ರಾರ್ಥನೆಯ ಹೊತ್ತಿಗೆ ಆ ಬಸ್ಸು ಬಂದು ನಿಂತಾಗ ಒಂದನೆಯ ತರಗತಿಯ ಹುಡುಗನೊಬ್ಬ ಸಾಲು ಬಿಟ್ಟು ಓಡಿದ. "ಅಕ್ಕೋರ, ಬಸ್ಸಿನ ಮ್ಯಾಲ ನಮ್ಮ ಕಾರ್ಡಿನ ಅಕ್ಷರ ಅದಾವ್ರೀ!" ಬೋರ್ಡಿನ ಮೇಲೆ ಇದ್ದದ್ದು ಮೂರೇ ಅಕ್ಷರ, ಗದಗ. ಮೂರೂ ಅವನಿಗೆ ಬರುತ್ತಿದ್ದವು. ಅವತ್ತು ಪ್ರಾರ್ಥನೆ ಅರ್ಧಕ್ಕೇ ನಿಂತಿತು. ಇಡೀ ಶಾಲೆ ರಸ್ತೆಯ ಬದಿಗೆ ನಿಂತು ಬಸ್ಸಿನ ಬೋರ್ಡು ಓದಿತು. ಡ್ರೈವರಣ್ಣ ನಕ್ಕು, ಹಾರನ್ ಬಾರಿಸಿ ಹೋದ.

ಆಮೇಲೆ ಅದೇ ನಮ್ಮ ಅಳತೆಯಾಯಿತು. ಗದಗ ಆದ ಮೇಲೆ ದೀರ್ಘ ಕಲಿತವರಿಗೆ ಹನಮಸಾಗರ. ಗುಡಿಸು, ಸೊನ್ನೆ ಬಂದವರಿಗೆ ಗಂಗಾವತಿ. ಒತ್ತಕ್ಷರದ ಮೈಲಿಗಲ್ಲು ದಾಟಿದರೆ ಕುಷ್ಟಗಿ, ಕೊಪ್ಪಳ. ಅರ್ಕಾವತ್ತು ಬಂದರೆ ಯಲಬುರ್ಗಾ. ಎಲ್ಲಕ್ಕಿಂತ ಕಡೆಗೆ ಗಜೇಂದ್ರಗಡ. ಪ್ರಗತಿ ನೋಟದಲ್ಲಿ ಎಷ್ಟು ಮೈಲಿಗಲ್ಲು ತುಂಬಿದೆ ಎಂದು ತೋರಿಸಿದರೆ ತಾಯಂದಿರಿಗೆ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಸಂತೆಗೆ ಹೋಗಲು ರಸ್ತೆಯಲ್ಲಿ ನಿಂತಾಗ "ಯವ್ವಾ, ಇದು ಹನಮಸಾಗರದ್ದು, ಹತ್ತಬ್ಯಾಡ" ಎಂದು ಮಗ ಹೇಳಿದರೆ ತಿಳಿಯುತ್ತಿತ್ತು. ಅವರೇ ಬಂದು ನನಗೆ ಹೇಳಿ ಹೋಗುತ್ತಿದ್ದರು.

ನಮ್ಮ ವಾರಕ್ಕೆ ಅದರದೇ ಒಂದು ನಡೆ ಇತ್ತು. ಸೋಮವಾರ ಬೆಳಿಗ್ಗೆ ಹವಾಮಾನ ನಕ್ಷೆಯ ಮುಂದೆ ಗದ್ದಲ. ಬಿಸಿಲು, ಮೋಡ, ಗಾಳಿ, ಮಳೆ ಯಾವುದಕ್ಕೆ ಗುರುತು ಹಾಕಬೇಕೆಂದು ಮಕ್ಕಳು ಅಂಗಳಕ್ಕೆ ಹೋಗಿ ಮುಖ ಮೇಲೆತ್ತಿ ನೋಡಿ ಬರುತ್ತಿದ್ದರು. ನಮ್ಮ ಸೀಮೆಯಲ್ಲಿ ಮಳೆಯ ಗುರುತು ಬೀಳುವುದು ಅಪರೂಪ. ಬಿದ್ದ ದಿನ ಆ ಗುರುತು ಹಾಕುವ ಅವಕಾಶಕ್ಕೆ ಪೈಪೋಟಿ. ಸಂತೆಯ ದಿನ ಮಾತ್ರ ಹಾಜರಿ ಇಳಿಯುತ್ತಿತ್ತು. ದೊಡ್ಡ ಮಕ್ಕಳು ಮನೆಯಲ್ಲಿ ಕೂಸು ಕಾಯಬೇಕು, ಇಲ್ಲವೇ ತಾಯಿಯ ಜೊತೆ ಚೀಲ ಹೊರಬೇಕು. ಅವತ್ತು ಬಂದ ಏಳೆಂಟು ಮಕ್ಕಳನ್ನು ಕೂಡಿಸಿಕೊಂಡು ಅಲ್ಲೇ ಸಂತೆ ಹೂಡುತ್ತಿದ್ದೆವು. ಹುಣಸಿ ಬೀಜ ರೂಪಾಯಿ, ಜೋಳದ ದಂಟಿನ ತುಂಡು ಹತ್ತರ ಕಟ್ಟು, ಬೇವಿನ ಕಾಯಿ ಬದನೆಕಾಯಿ. ಚೌಕಾಸಿ ಮಾಡುವ ದನಿ ಥೇಟ್ ಅವರ ಅವ್ವಂದಿರದೇ. ಕೂಡುವುದು, ಕಳೆಯುವುದು, ಚಿಲ್ಲರೆ ಹಿಂದಿರುಗಿಸುವುದು ಎಲ್ಲ ಅಲ್ಲಿಯೇ ಆಗಿಹೋಗುತ್ತಿತ್ತು. ಮರುದಿನ ನಿಜವಾದ ಸಂತೆಗೆ ಹೋಗಿಬಂದ ಮಕ್ಕಳು ಉಳ್ಳಾಗಡ್ಡಿ ದರ, ಶೇಂಗಾ ದರ ವರದಿ ಒಪ್ಪಿಸುತ್ತಿದ್ದರು.

ಮಣ್ಣೆತ್ತಿನ ಅಮಾವಾಸ್ಯೆ ಬರುವ ವಾರವನ್ನು ನಾನು ಎಲ್ಲಕ್ಕಿಂತ ಹೆಚ್ಚು ನೆನೆಯುತ್ತೇನೆ. ಜೂನ್‌ನಲ್ಲಿ ಶಾಲೆ ಶುರುವಾಗಿ ಹೊಸ ಮಕ್ಕಳ ಅಳು ಇನ್ನೂ ನಿಂತಿರುತ್ತಿರಲಿಲ್ಲ. ನಮ್ಮದು ಮಸಾರಿ ನೆಲ. ಆ ಮಣ್ಣಿನಲ್ಲಿ ಎತ್ತಿನ ಕೊರಳು ನಿಲ್ಲುವುದಿಲ್ಲ, ಒಣಗಿದರೆ ಬಿರಿಯುತ್ತದೆ. ಹಾಗಾಗಿ ಮಕ್ಕಳು ಕೆರೆಯ ಜಿಗುಟು ಮಣ್ಣು ತರುತ್ತಿದ್ದರು. ಕಲ್ಲು, ಬೇರು ಆರಿಸಿ, ನೀರು ಚಿಮುಕಿಸಿ, ಪಡಸಾಲೆಯಲ್ಲಿ ಗೋಣಿತಾಟಿನ ಮೇಲೆ ಹಾಕಿ ನಾದುವುದು. ಮೊದಲು ಬೆನ್ನಿನ ಉಂಡೆ, ಅದರಿಂದಲೇ ಎಳೆದು ನಾಲ್ಕು ಕಾಲು. ಅಂಟಿಸಿದ ಕಾಲು ನಿಲ್ಲುವುದಿಲ್ಲ ಎಂಬುದು ಆರು ವರ್ಷದ ಹುಡುಗನಿಗೂ ಗೊತ್ತು. ಇಣಿಯನ್ನು ಹೆಬ್ಬೆರಳಿನಿಂದ ಮೇಲಕ್ಕೆ ಒತ್ತಿ ಎಬ್ಬಿಸಬೇಕು. ಕೋಡಿಗೆ ಸಣ್ಣ ಕಡ್ಡಿ, ಕಣ್ಣಿಗೆ ಜೋಳದ ಕಾಳು. ನೆರಳಿನಲ್ಲಿ ಒಣಗಿಸಿ ಸುಣ್ಣ ಬಳಿದರೆ ಎತ್ತು ಸಿದ್ಧ. ಮರುದಿನ ಜೋಡಿ ಕಟ್ಟಿ ಎಣಿಸಿದೆವೆಂದರೆ ಎರಡರ ಮಗ್ಗಿ ಮುಗಿದಂತೆ. ಒಂದು ಜೋಡಿಗೆ ಎರಡು ಎತ್ತು, ಎರಡು ಜೋಡಿಗೆ ನಾಲ್ಕು. ಕಾಲು ಎಣಿಸಿದರೆ ನಾಲ್ಕರ ಮಗ್ಗಿ. ಆ ವಾರ ಯಾವ ಮಗುವೂ ಅಳುತ್ತಿರಲಿಲ್ಲ. ಮಾತೇ ಆಡದಿದ್ದ ತಾಂಡಾದ ಹುಡುಗಿಯೊಬ್ಬಳು ತನ್ನ ಎತ್ತನ್ನು ನನ್ನ ಮೇಜಿನ ಮೇಲೆ ಇಟ್ಟು, ಲಂಬಾಣಿಯಲ್ಲಿ ಅದರ ಹೆಸರು ಹೇಳಿದಳು. ಶಾಲೆಯಲ್ಲಿ ಅವಳು ಆಡಿದ ಮೊದಲ ಮಾತು ಅದು.

ಭಾಷೆಯ ವಿಷಯ ಬಂದಾಗ ನನಗೆ ಮುನಿರಾಬಾದಿನ ಡಯಟ್‌ನ ತರಬೇತಿಗಳು ನೆನಪಾಗುತ್ತವೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ತಾಲ್ಲೂಕಿನ ನಲಿ-ಕಲಿ ಶಿಕ್ಷಕರು ಅಲ್ಲಿ ಕೂಡುತ್ತಿದ್ದೆವು. ಕನಕಗಿರಿ, ಕಾರಟಗಿ, ಕುಕನೂರು ಆಗಿನ್ನೂ ತಾಲ್ಲೂಕು ಆಗಿರಲಿಲ್ಲ. ಒಂದೇ ಜಿಲ್ಲೆ, ಆದರೆ ಕೋಣೆಗಳು ಎಷ್ಟು ಬೇರೆ! ಗಂಗಾವತಿ ಕಡೆಯ ಗೆಳತಿಯ ಶಾಲೆ ತುಂಗಭದ್ರಾ ಎಡದಂಡೆ ಕಾಲುವೆಯ ಕ್ಯಾಂಪಿನಲ್ಲಿ. ಸುತ್ತ ಭತ್ತದ ಗದ್ದೆ, ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳು. ನಾಟಿಯ ಹೊತ್ತಿಗೆ, ಕೊಯ್ಲಿನ ಹೊತ್ತಿಗೆ ಅವಳ ಕೋಣೆ ಖಾಲಿ. ಯಲಬುರ್ಗಾ ಕಡೆಯವರದು ಎರೆ ಸೀಮೆ. ಮಳೆ ಬಂದರೆ ಮಕ್ಕಳು ಕೆಸರಿನಲ್ಲಿ ಕಾಲು ಕಿತ್ತಿಡಲಾಗದೆ ಮನೆಯಲ್ಲಿ ಉಳಿಯುತ್ತಿದ್ದರು. ಕೊಪ್ಪಳ ಪೇಟೆಯವರಿಗೆ ಖಾಸಗಿ ಶಾಲೆಯ ಹಳದಿ ವ್ಯಾನಿನದೇ ಚಿಂತೆ. ಮಕ್ಕಳ ಮಾತು ಕಾರ್ಡಿನ ಮಾತಿನಂತಿಲ್ಲ ಎಂದು ಯಾರೋ ಕೊರಗಿದಾಗ ಒಬ್ಬ ಹಿರಿಯರು ಎದ್ದು ನಿಂತು, ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಿದ ಊರುಗಳಲ್ಲಿ ನಮ್ಮ ಕೊಪಣವೂ ಒಂದು ಎಂದು ನೆನಪಿಸಿದರು. ಮಗು ತನ್ನ ಮನೆಯ ಮಾತಿನಲ್ಲಿ ಉತ್ತರ ಹೇಳಿದರೆ ಅದು ಸರಿಯಾದ ಉತ್ತರವೇ ಎಂದು ನಾನು ಅಲ್ಲಿಂದ ನಿಶ್ಚಯಿಸಿಕೊಂಡು ಬಂದೆ.

ತಿಂಗಳಿಗೊಮ್ಮೆ ಕ್ಲಸ್ಟರಿನ ಸಮಾಲೋಚನಾ ಸಭೆ. ಸಿಆರ್‌ಪಿಯವರು ವರದಿ ಬರೆದುಕೊಳ್ಳುತ್ತಿದ್ದರು. ನಾವು ಹಾಡು ಬದಲಾಯಿಸಿಕೊಳ್ಳುತ್ತಿದ್ದೆವು, ಕಳೆದುಹೋದ ಕಾರ್ಡಿನ ನಕಲು ಬರೆದುಕೊಳ್ಳುತ್ತಿದ್ದೆವು, ಬುತ್ತಿ ಬಿಚ್ಚಿ ಪುಂಡಿಪಲ್ಯ, ಶೇಂಗಾ ಹಿಂಡಿ ಹಂಚಿಕೊಳ್ಳುತ್ತಿದ್ದೆವು. ಆ ಗೆಳೆತನಗಳು ಇನ್ನೂ ಇವೆ.

ವರ್ಷಕ್ಕೊಂದು ಹೊರಸಂಚಾರ. ಒಮ್ಮೆ ಕಿನ್ನಾಳಕ್ಕೆ ಹೋದೆವು. ಕೊಪ್ಪಳದಿಂದ ಹತ್ತಿರ, ಚಿತ್ರಗಾರ ಮನೆತನಗಳು ತಲೆಮಾರಿನಿಂದ ಕಟ್ಟಿಗೆಯ ಬೊಂಬೆ, ದೇವರ ಮೂರ್ತಿ ಮಾಡುವ ಊರು. ಹಗುರವಾದ ಪೊಣಿಕೆ ಕಟ್ಟಿಗೆ ಕೆತ್ತಿ, ತುಂಡುಗಳನ್ನು ಹುಣಸೆ ಬೀಜದ ಅಂಟಿನಿಂದ ಕೂಡಿಸಿ, ಮೇಲೆ ಅರೆದ ಲೇಪ ಹಚ್ಚಿ, ಆಮೇಲೆ ಬಣ್ಣ ಹಾಕುವುದನ್ನು ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ತಾವು ರೂಪಾಯಿ ಎಂದು ಎಣಿಸುವ ಹುಣಸಿ ಬೀಜದಿಂದ ಅಂಟು ಆಗುತ್ತದೆ ಎಂಬುದು ಅವರಿಗೆ ದೊಡ್ಡ ಸುದ್ದಿ. ವಾಪಸ್ ಬಂದು ಒಂದು ವಾರ ಕೋಣೆಯಲ್ಲಿ ಹುಣಸಿ ಬೀಜ ಕುದಿಸಿ ಅರೆದದ್ದೇ ಅರೆದದ್ದು. ಅಂಟು ಸ್ವಲ್ಪ ತೆಳುವಾಯಿತು, ಆದರೂ ಕಾಗದ ಹಿಡಿಯಿತು. ಚಪ್ಪರದ ಚಿತ್ರಗಳೆಲ್ಲ ಆ ವರ್ಷ ಅದೇ ಅಂಟಿನವು.

ಅದೇ ಸಂಚಾರದಲ್ಲಿ ಕೊಪ್ಪಳದ ಗವಿಮಠಕ್ಕೂ ಹೋಗಿದ್ದೆವು. ಜನವರಿ ಹೊತ್ತಿಗೆ ಲಕ್ಷಾಂತರ ಜನ ಸೇರುವ ಗವಿಸಿದ್ಧೇಶ್ವರ ಜಾತ್ರೆಗೆ ಮಕ್ಕಳೆಲ್ಲ ಅಪ್ಪ ಅವ್ವಂದಿರ ಹೆಗಲ ಮೇಲೆ ಬಂದವರೇ. ಬೆಟ್ಟದ ಬಂಡೆಯ ಮೇಲಿನ ಅಶೋಕನ ಶಾಸನವನ್ನು ಮಾತ್ರ ಯಾರೂ ನೋಡಿರಲಿಲ್ಲ. ಬ್ರಾಹ್ಮಿ ಲಿಪಿ, ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷದ ಬರಹ. ಒಬ್ಬ ಹುಡುಗ ಕೈಕಟ್ಟಿ ನಿಂತು ಬಹಳ ಹೊತ್ತು ನೋಡಿ ಕೇಳಿದ: "ಇದು ಎಷ್ಟನೇ ಮೈಲಿಗಲ್ಲಿನ ಕಾರ್ಡ್ರೀ?" ರಾಜನೊಬ್ಬ ತನ್ನ ಜನ ಓದಲಿ ಎಂದು ಬರೆಸಿ ಇಟ್ಟದ್ದು ಎಂದೆ. "ಹಂಗಾದ್ರ ಅವರಿಗೂ ಓದಾಕ ಬರ್ತಿತ್ತನ್ರೀ?" ಎಂದು ಇನ್ನೊಬ್ಬಳು ಕೇಳಿದಳು. ಇತಿಹಾಸ ಓದಿದವರು ವಾದಿಸುವ ಪ್ರಶ್ನೆಯನ್ನು ಏಳು ವರ್ಷದ ಮಗು ಕೇಳಿದ್ದು ಕಂಡು ಹೆಡ್‌ಮಾಸ್ತರರು ಅವಳ ತಲೆ ಸವರಿದರು.

ಊಟದ ಮಾತು ಹೇಳದೆ ಆ ದಿನಗಳ ಮಾತು ಮುಗಿಯುವುದಿಲ್ಲ. 2002ರ ಜೂನ್‌ನಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ಕೊಪ್ಪಳವೂ ಇತ್ತು. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು. ನಮ್ಮ ಶಾಲೆಯ ಅಡುಗೆಯವ್ವ ಬೆಳಿಗ್ಗೆ ಒಲೆ ಹೊತ್ತಿಸಿದ ಮೇಲೆ ಕೋಣೆಯ ಬಾಗಿಲಲ್ಲಿ ಬಂದು ಕೂಡುತ್ತಿದ್ದಳು, ತೊಗರಿಬೇಳೆ ಆರಿಸುತ್ತ ಮಕ್ಕಳ ಹಾಡಿಗೆ ದನಿ ಸೇರಿಸುತ್ತಿದ್ದಳು. ಕಾರ್ಡಿನ ಪದ್ಯಗಳೆಲ್ಲ ಅವಳಿಗೆ ಬಾಯಿಪಾಠ. ಹಾಜರಿ ಪುಸ್ತಕಕ್ಕಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು, ಇವತ್ತು ಯಾರು ಬರಲಿಲ್ಲ, ಯಾರ ಮನೆಯಲ್ಲಿ ಒಲೆ ಹೊತ್ತಲಿಲ್ಲ ಎಂದು. "ಅಕ್ಕೋರ, ಆ ಹುಡುಗಿಗೆ ಇನ್ನೊಂದು ಸೌಟು ಹಾಕೀನ್ರೀ, ಮನ್ಯಾಗ ಏನೂ ಇಲ್ಲ" ಎಂದು ಮೆಲ್ಲಗೆ ಹೇಳುತ್ತಿದ್ದಳು. ನಮ್ಮ ಜಿಲ್ಲೆಯ ಕುಣಿಕೇರಿಯ ಹುಚ್ಚಮ್ಮ ಚೌದ್ರಿಯವರು ತಮ್ಮ ಜಮೀನನ್ನು ಶಾಲೆಗೆ ದಾನ ಕೊಟ್ಟು, ಅದೇ ಶಾಲೆಯಲ್ಲಿ ಬಿಸಿಯೂಟ ಬೇಯಿಸಿದವರು. ರಾಜ್ಯೋತ್ಸವ ಪ್ರಶಸ್ತಿ ಅವರಿಗೆ ಬಂದಾಗ ನನಗೆ ನಮ್ಮ ಅಡುಗೆಯವ್ವನ ಮುಖವೇ ಕಣ್ಣ ಮುಂದೆ ಬಂತು. ಸಣ್ಣ ಶಾಲೆಗಳನ್ನು ಎತ್ತಿ ಹಿಡಿದವರಲ್ಲಿ ಈ ತಾಯಂದಿರ ಪಾಲು ದೊಡ್ಡದು.

ಶನಿವಾರ ಬೆಳಗಿನ ಶಾಲೆ. ಕವಾಯತು, ಉಗುರು ನೋಡುವುದು, ಅಂಗಳ ಗುಡಿಸುವುದು, ಬೇವಿನ ಬುಡಕ್ಕೆ ನೀರು. ಆಮೇಲೆ ಎರಡೂ ಕೋಣೆಯವರು ಪಡಸಾಲೆಯಲ್ಲಿ ಕೂಡುತ್ತಿದ್ದೆವು. ವಾರದಲ್ಲಿ ಕಲಿತದ್ದನ್ನು ಮಕ್ಕಳು ಮಾಡಿ ತೋರಿಸಬೇಕು. ಹಾಡಬಹುದು, ಕತೆ ಹೇಳಬಹುದು, ದೊಡ್ಡಾಟದ ಸಾರಥಿಯಂತೆ ಕುಣಿದು ಮಗ್ಗಿ ಹೇಳಬಹುದು. ಆಟದ ಸೀಮೆ ನಮ್ಮದು. ಎಂಟು ವರ್ಷದ ಹುಡುಗ ಟವೆಲನ್ನೇ ಕಿರೀಟ ಮಾಡಿಕೊಂಡು ಭೀಮನಾಗಿ ಗುಡುಗಿದರೆ ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಹೆಡ್‌ಮಾಸ್ತರರಿಗೆ ಸಿದ್ದಯ್ಯ ಪುರಾಣಿಕರು ಮಕ್ಕಳಿಗಾಗಿ ಬರೆದ ಪದ್ಯಗಳೆಂದರೆ ಪ್ರಾಣ. ಪುರಾಣಿಕರು ನಮ್ಮ ಜಿಲ್ಲೆಯ ದ್ಯಾಂಪುರದವರು, ಇಲ್ಲಿನ ಮಾತಿನ ಸೊಗಡು ಬಲ್ಲವರು. ತಾಳ ಹಾಕಿ ಹೇಳಿಸಿದರೆ ಇಡೀ ಪಡಸಾಲೆ ಮರುದನಿ ಕೊಡುತ್ತಿತ್ತು. ಉಪ್ಪಿಟ್ಟು ತಿಂದು ಮಕ್ಕಳು ಮನೆಗೆ ಹೋದ ಮೇಲೂ ನಾವಿಬ್ಬರೂ ಸ್ವಲ್ಪ ಹೊತ್ತು ಕೂತು, ಮುಂದಿನ ವಾರ ಯಾವ ಮಗುವನ್ನು ಯಾವ ತಟ್ಟೆಗೆ ಕೂಡಿಸಬೇಕೆಂದು ಮಾತಾಡುತ್ತಿದ್ದೆವು.

ಹೀಗೆ ಜೂನ್‌ನಿಂದ ದಸರೆಯವರೆಗೆ ಕೋಣೆ ತುಂಬಿ ತುಳುಕುತ್ತಿತ್ತು. ದೀಪಾವಳಿ ಮುಗಿಯುತ್ತಲೂ ಗುಳೆ ಶುರು. ಮುಂಗಾರಿ ಬೆಳೆ ಕೈಕೊಟ್ಟ ವರ್ಷವಂತೂ ತಾಂಡಾದ ಅರ್ಧ ಮನೆಗೆ ಬೀಗ. ಗೋವಾ, ಮಂಗಳೂರು, ಬೆಂಗಳೂರು. ಕಟ್ಟಡದ ಕೆಲಸ, ರಸ್ತೆಯ ಕೆಲಸ. ಅಜ್ಜಿ ಗಟ್ಟಿಯಾಗಿದ್ದ ಮನೆಯ ಮಕ್ಕಳು ಊರಲ್ಲಿ ಉಳಿಯುತ್ತಿದ್ದರು. ಇಲ್ಲದವರು ಅಪ್ಪ ಅವ್ವನ ಜೊತೆ ಹೊರಡಲೇಬೇಕು. ಹೋಗುವ ಹಿಂದಿನ ದಿನ ಬಂದು, ಚಪ್ಪರದಲ್ಲಿದ್ದ ತಮ್ಮ ಚಿತ್ರ ಬಿಚ್ಚಿಕೊಡಿ ಎಂದು ಕೇಳುತ್ತಿದ್ದರು. ನಾನು ಬಿಚ್ಚಿಕೊಡುತ್ತಿದ್ದೆ.

ಒಬ್ಬ ಹುಡುಗಿಯ ಮಾತು ಹೇಳುತ್ತೇನೆ. ಎರಡನೆಯ ತರಗತಿ. ಗುಣಿತಾಕ್ಷರದ ಮೈಲಿಗಲ್ಲಿನ ನಡುವೆ ಇದ್ದಾಗ ಮನೆಯವರು ಮಂಗಳೂರಿಗೆ ಹೊರಟರು. ಹೋಗುವಾಗ ಅವಳು ತನ್ನ ಕಾರ್ಡನ್ನು ಟ್ರೇಯ ತಳದಲ್ಲಿ, ಬೇರೆಯವರ ಕೈಗೆ ಸಿಗದಂತೆ ಇಟ್ಟು ಹೋಗಿದ್ದಳು. ಯುಗಾದಿಗೆ ಎಲ್ಲರೂ ಮರಳಿ ಬಂದರು. ಶಾಲೆಗೆ ಬಂದ ಅವಳ ಕಾಲಿಗೆ ಸಿಮೆಂಟಿನ ಬಿರುಕು, ತಲೆಯಲ್ಲಿ ಕೆಂಪು ಧೂಳು. ಚೀಲ ಇಳಿಸಿ, ಏಣಿಯ ಮುಂದೆ ನಿಂತು, ಬೆರಳಿಟ್ಟು ಹುಡುಕಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ನನ್ನ ಕಾರ್ಡ್ ಎಲ್ಲೈತ್ರೀ ಅಕ್ಕೋರ?"

ಕಾರ್ಡು ಅಲ್ಲಿಯೇ ಇತ್ತು. ಅವಳ ಹೆಸರಿನ ಮುಂದೆ ಪ್ರಗತಿ ನೋಟದಲ್ಲಿ ನಿಂತ ಗುರುತೂ ಅಲ್ಲಿಯೇ ಇತ್ತು. ಅವತ್ತೇ ಅವಳು ಬಿಟ್ಟ ಚಟುವಟಿಕೆಯಿಂದ ಶುರು ಮಾಡಿದಳು. ಎರಡು ದಿನ ನನ್ನ ತಟ್ಟೆಯಲ್ಲಿ ಕೂತು ಮರೆತದ್ದನ್ನು ನೆನಪು ಮಾಡಿಕೊಂಡಳು, ಮೂರನೆಯ ದಿನ ಗೆಳತಿಯ ಪಕ್ಕ ಹೋದಳು. ಪಾಠಪುಸ್ತಕದ ತರಗತಿಯಾಗಿದ್ದರೆ ಅವಳು ಬರುವ ಹೊತ್ತಿಗೆ ಪಾಠ ಇಪ್ಪತ್ತು ಪುಟ ಮುಂದೆ ಹೋಗಿರುತ್ತಿತ್ತು. ಹಿಂದಿನ ಬೆಂಚಿನಲ್ಲಿ ಕೂತು, ತನಗೆ ತಿಳಿಯದು ಎಂದು ಒಪ್ಪಿಕೊಂಡು, ಮುಂದಿನ ಗುಳೆಗೆ ಹೋದವಳು ಮರಳುತ್ತಲೇ ಇರಲಿಲ್ಲ. ಹಾಗೆ ಮರಳದೆ ಹೋದ ಮಕ್ಕಳನ್ನು ನಾನು ಮೊದಲಿನ ವರ್ಷಗಳಲ್ಲಿ ಕಂಡಿದ್ದೆ. ನಲಿ-ಕಲಿಯ ಕೋಣೆ ಮಗುವಿಗಾಗಿ ಕಾಯುತ್ತಿತ್ತು. ನಮ್ಮಂಥ ಬರದ ಸೀಮೆಗೆ ಅದಕ್ಕಿಂತ ದೊಡ್ಡ ಗುಣ ಇನ್ನೊಂದು ಬೇಕಿರಲಿಲ್ಲ.

ಇದನ್ನು ಒಪ್ಪದವರು ಊರಲ್ಲಿಯೂ ಇದ್ದರು. ಪುಸ್ತಕ ಇಲ್ಲ, ಹೋಮ್‌ವರ್ಕ್ ಇಲ್ಲ, ಬರೇ ಆಡಸ್ತಾರ ಎಂದು ದೂರುವವರು, ಮಕ್ಕಳನ್ನು ಬಿಡಿಸಿ ವ್ಯಾನು ಹತ್ತಿಸಿದವರು. ಶಿಕ್ಷಕರ ಕಷ್ಟವೂ ಸುಳ್ಳಲ್ಲ. ಕಾರ್ಡು ಹರಿದರೆ ಹೊಸದು ಬರಲು ತಡವಾಗುತ್ತಿತ್ತು, ಬರೆಯುವ ದಾಖಲೆ ಹೆಚ್ಚಾಯಿತು, ಒಬ್ಬರೇ ಇಡೀ ಶಾಲೆ ನಡೆಸುವ ಕಡೆ ಐದು ತಟ್ಟೆ ನೋಡಿಕೊಳ್ಳುವುದು ಆಗದ ಮಾತು. ಇವೆಲ್ಲ ಪದ್ಧತಿಗೆ ಬೇಕಾದದ್ದನ್ನು ಕೊಡದೆ ಹೋದದ್ದರ ಫಲ. ಪೂರ್ತಿ ಕಾರ್ಡು, ಇಪ್ಪತ್ತು–ಇಪ್ಪತ್ತೈದು ಮಕ್ಕಳು, ಅವರಿಗಾಗಿಯೇ ಒಬ್ಬರು ಶಿಕ್ಷಕರು ಇದ್ದ ಕೋಣೆಯಲ್ಲಿ ಅದು ಹೇಗೆ ನಡೆಯಿತೆಂದು ನಾನು ಕಣ್ಣಾರೆ ನೋಡಿದ್ದೇನೆ.

ಕೊರೊನಾ ಬಂದಾಗ ಅದರ ಬಲ ಇನ್ನೊಮ್ಮೆ ಕಂಡಿತು. 2020ರಲ್ಲಿ ವಿದ್ಯಾಗಮ ಶುರುವಾದಾಗ ಟ್ರೇಗಳನ್ನೇ ಚೀಲಕ್ಕೆ ತುಂಬಿಕೊಂಡು ಹನಮಪ್ಪನ ಗುಡಿಯ ಕಟ್ಟೆಗೆ, ತಾಂಡಾದ ಸೇವಾಲಾಲ್ ಗುಡಿಯ ಅಂಗಳಕ್ಕೆ ಹೋದೆವು. ಮೊಬೈಲು ಇಲ್ಲದ ಮನೆಗಳ ಮಕ್ಕಳು ಅಂತರ ಬಿಟ್ಟು ಕೂತು ತಮ್ಮತಮ್ಮ ಕಾರ್ಡು ಮಾಡಿದರು. ಕೆಲವೇ ವಾರ ನಡೆದು ಅದೂ ನಿಂತಿತು. 2021ರ ಅಕ್ಟೋಬರ್‌ನಲ್ಲಿ ಸಣ್ಣ ಮಕ್ಕಳ ಶಾಲೆ ತೆರೆದಾಗ ಏಣಿಯ ಮುಂದೆ ಅದೇ ಸಾಲು. ಆ ಡಿಸೆಂಬರ್‌ನಿಂದ ನಮ್ಮ ಭಾಗದ ಜಿಲ್ಲೆಗಳಲ್ಲಿ ಊಟದ ಜೊತೆ ಮೊಟ್ಟೆಯೂ ಬಂತು, ಹಾಜರಿಯೂ ಏರಿತು.

ಆಮೇಲೆ ನನಗೆ ವರ್ಗವಾಯಿತು, ಹೆಡ್‌ಮಾಸ್ತರರು ನಿವೃತ್ತರಾದರು. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ಮೊದಲ ರೈಲು ಬಂದಾಗ ಗದಗ ಓದಿದ ಆ ಹುಡುಗ ನಿಲ್ದಾಣದಿಂದಲೇ ಫೋನು ಮಾಡಿದ್ದ. ಐಟಿಐ ಮುಗಿಸಿದ್ದಾನೆ. ಮಂಗಳೂರಿಗೆ ಗುಳೆ ಹೋಗಿಬಂದ ಹುಡುಗಿ ಕೊಪ್ಪಳದಲ್ಲಿ ಹಾಸ್ಟೆಲಿನಲ್ಲಿದ್ದು ಪದವಿ ಓದುತ್ತಿದ್ದಾಳೆ. ಶಿಕ್ಷಕಿಯಾಗುತ್ತೇನೆ ಎನ್ನುತ್ತಾಳೆ, ಆಗುತ್ತಾಳೆ ಕೂಡ.

ಇದನ್ನು ಓದುವವರಲ್ಲಿ ಒಂದು ಕೇಳಿಕೆ. ನಿಮ್ಮ ಊರಿನ ಸರ್ಕಾರಿ ಶಾಲೆಗೆ ಒಂದು ಶನಿವಾರ ಬೆಳಿಗ್ಗೆ ಹೋಗಿ ಬನ್ನಿ. ಒಂದು, ಎರಡು, ಮೂರನೆಯ ತರಗತಿಯ ಕೋಣೆಯಲ್ಲಿ ಕೂತು ಮಕ್ಕಳ ಹಾಡು ಕೇಳಿ. ಕಾರ್ಡುಗಳು ಪೂರ್ತಿ ಇವೆಯೇ, ಆ ಕೋಣೆಗೆ ಅವರದೇ ಶಿಕ್ಷಕರಿದ್ದಾರೆಯೇ ಎಂದು ವಿಚಾರಿಸಿ. ಇಲ್ಲದಿದ್ದರೆ ಎಸ್‌ಡಿಎಂಸಿ ಸಭೆಯಲ್ಲಿ ಎದ್ದು ಕೇಳಿ, ಬಿಇಒ ಆಫೀಸಿಗೆ ಅರ್ಜಿ ಕೊಡಿ, ಬರುವವರೆಗೆ ಬಿಡಬೇಡಿ. ಯುಗಾದಿಗೆ ಗುಳೆಯಿಂದ ಮರಳುವ ಮಕ್ಕಳು ಈ ವರ್ಷವೂ ಇದ್ದಾರೆ.